ಕೃಷ್ಣ ಬಿಲಕ್ಕೆ ಮೇವು

ಹಾಳಾದ ಕಾಗೆ ಇಳಿಯಲೊಲ್ಲದು. ತಂಗಿ ನಾಗಜ್ಯೋತಿಯನ್ನು ಮಣ್ಣು ಮಾಡಿದ ಮೂರನೇ ದಿನ. ಹಾಲಹರವಿಯ ನಮ್ಮ ಹೊಲದ ಅಂಚಿನಲ್ಲಿ ಹಾಲುತುಪ್ಪ ಬಿಟ್ಟು, ಆಕೆಗೆ ಇಷ್ಟವಾದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಉಗ್ಗಾಣಿ, ಬಜ್ಜಿ ಎಲ್ಲ ಎಲೆಗೆ ಬಡಿಸಿ ದೂರ ನಿಂತಿದ್ದೆವು. ಕಾಗೆ ಮೇಲೆ ಸುತ್ತುವುದು, ಬೇವಿನ ಮರದಲ್ಲಿ ಕೂರುವುದು, ಮತ್ತೆ ಸುತ್ತುವುದು. ಅದು ಎಡೆ ಮುಟ್ಟದಿದ್ದರೆ ಸತ್ತವರ ಆಸೆ ಏನೋ ಉಳಿದಿದೆ ಎಂದರ್ಥ. ಆ ಆಸೆ ಯಾವುದೆಂದು ಯಾರಾದರೂ ಬಾಯಿಬಿಟ್ಟು ಹೇಳಿ, ನಡೆಸಿಕೊಡುತ್ತೇನೆಂದು ಮಾತು ಕೊಡಬೇಕು.

ಅವ್ವ ಲಿಂಗಕ್ಕನಿಗೆ ಸಕ್ಕರೆ ಕಾಯಿಲೆ. ಮಗಳು ಸತ್ತ ದಿನದಿಂದ ಆಕೆ ಒಂದು ತುತ್ತೂ ತಿಂದಿರಲಿಲ್ಲ. ಕಾಗೆ ಎಡೆ ಮುಟ್ಟುವತನಕ ಇವತ್ತೂ ಯಾರೂ ಉಣ್ಣುವಂತಿಲ್ಲ, ಆಕೆ ಬೇವಿನ ಬುಡಕ್ಕೆ ಒರಗಿ ಕೂತಿದ್ದಳು. ಇನ್ನೊಂದು ಹೆಣ ಹೊರುವ ಶಕ್ತಿ ನನ್ನ ಹೆಗಲಿಗೆ ಇರಲಿಲ್ಲ.

ನಿನ್ನ ಅವ್ವನನ್ನು ನಾವು ನೋಡಿಕೊಳ್ಳುತ್ತೇವೆ ಎಂದು ದೊಡ್ಡಪ್ಪ ಉಚ್ಚೀರಪ್ಪ ಮಣ್ಣಿನ ಮುಂದೆ ಮಾತು ಕೊಟ್ಟ. ಕಾಗೆ ಬರಲಿಲ್ಲ. ಅತ್ತೆ ಭವಾನಿ, ಮದುವೆಯಾಗದೆ ಹೋದಳಲ್ಲ, ಅದೇ ಆಸೆ ಇರಬೇಕು ಎಂದಳು. ನನ್ನ ಮೈಯೆಲ್ಲ ಉರಿಯಿತು, ಬಾಯಿಗೆ ಬಂದಂತೆ ಬೈದೆ. ಇದ್ದಾಗ ಆಕೆ ಏನು ಓದುತ್ತಿದ್ದಾಳೆ ಎಂದು ಕೇಳಲು ಇವರಿಗೆಲ್ಲ ಏನು ಧಾಡಿಯಾಗಿತ್ತು?

ಹೈದರಾಬಾದಿನಲ್ಲಿ ಆಕೆ ಓದುತ್ತಿದ್ದುದು ಕಪ್ಪುಕುಳಿಗಳ ವಿಷಯ. ಕೋಟಿ ಕೋಟಿ ನಕ್ಷತ್ರಗಳ ಒಂದು ಹಿಂಡು ಎಂದರೆ ಗ್ಯಾಲಕ್ಸಿ. ಅದರ ನಟ್ಟನಡುವೆ ಈ ಕುಳಿ ಕೂತಿರುತ್ತದೆ, ಒಳಗೆ ಹೋದ ಬೆಳಕೂ ತಿರುಗಿ ಬರುವುದಿಲ್ಲ. ಅದಕ್ಕೆ ಮೇವು ಹೇಗೆ ಸಿಗುತ್ತದೆ, ಅದು ಹೇಗೆ ಬೆಳೆಯುತ್ತದೆ ಎಂಬುದೇ ಆಕೆಯ ಓದು. ಆದೋನಿಯಲ್ಲಿ ನನ್ನದು ದನಗಳಿಗೆ ಹಾಕುವ ಹತ್ತಿಕಾಳಿನ ಹಿಂಡಿಯ ಅಂಗಡಿ. ಇಬ್ಬರದೂ ಒಂದೇ ದಂಧೆ ಅಣ್ಣ ಎಂದು ಕಾಡಿಸುತ್ತಿದ್ದಳು. ಅಷ್ಟು ದೊಡ್ಡ ಬಾಯಿ ಇದ್ದಮೇಲೆ ಎಳೆದು ನುಂಗುತ್ತದೆ, ಅದರಲ್ಲಿ ಓದುವುದೇನಿದೆ ಎಂದು ನಾನು ರೇಗಿಸುತ್ತಿದ್ದೆ. ಆಗ ಬಿಡಿಸಿ ಹೇಳುವಳು. ಗ್ಯಾಲಕ್ಸಿಯ ಅನಿಲವೆಲ್ಲ ನಡುವಿನ ಸುತ್ತ ತಿರುಗುತ್ತಲೇ ಇರುತ್ತದಂತೆ, ತಿರುಗುವತನಕ ಒಳಗೆ ಬೀಳುವುದಿಲ್ಲವಂತೆ. ಒಂದಕ್ಕೊಂದು ತಿಕ್ಕಿ, ಇಲ್ಲವೇ ಇನ್ನೊಂದು ಗ್ಯಾಲಕ್ಸಿ ಬಂದು ಡಿಕ್ಕಿ ಹೊಡೆದು, ಸುತ್ತು ತಪ್ಪಿದ್ದು ಮಾತ್ರ ಒಳಕ್ಕೆ ಇಳಿಯುತ್ತದೆ. ಇಳಿಯುವಾಗ ಕಾದು ಧಗಧಗ ಬೆಳಗುತ್ತದೆ. ಎಷ್ಟೋ ಪಾಲು ಬಾಯಿತನಕ ಬಂದು ಹೊರಕ್ಕೆ ಚೆಲ್ಲಿಹೋಗುತ್ತದೆ. ಮೇವು ಮುಗಿದರೆ ಕುಳಿ ಮಂಕಾಗಿ ಸುಮ್ಮನೆ ಬಿದ್ದಿರುತ್ತದೆ.

ಅವ್ವನ ಲೆಕ್ಕವೇ ಬೇರೆ. ನಮ್ಮೂರು ಇರುವುದು ತೆಲುಗು ಸೀಮೆಯಲ್ಲಿ, ಜ್ಯೋತಿ ಓದಿದ್ದು ತೆಲುಗು ಮೀಡಿಯಂ, ತೆಲುಗಿನಲ್ಲಿ ಕಪ್ಪುಕುಳಿಗೆ ಕೃಷ್ಣ ಬಿಲಂ ಎನ್ನುತ್ತಾರೆ. ಬಿಲ ಎಂದರೆ ನಮ್ಮ ಕಡೆಯ ಬೇಲಂ ಗವಿಯಂಥ ದೊಡ್ಡ ಗವಿ, ಒಳಗೆ ಕೃಷ್ಣಸ್ವಾಮಿ ಇದ್ದಾನೆ, ಅವನ ನೈವೇದ್ಯದ ಕೆಲಸ ನನ್ನ ಮಗಳಿಗೆ ಸಿಕ್ಕಿದೆ ಎಂದೇ ಅವ್ವ ತಿಳಿದಿದ್ದಳು. ಜ್ಯೋತಿ ಹೊಟ್ಟೆ ಹಿಡಿದುಕೊಂಡು ನಕ್ಕಳೇ ಹೊರತು ತಿದ್ದಲಿಲ್ಲ. ದಿನಾ ಸಂಜೆ ಫೋನಿನಲ್ಲಿ ಅವ್ವ ಕೇಳುತ್ತಿದ್ದಳು:

"ನೀ ಉಂಡಿಯೇನವ್ವಾ? ನಿನ್ನ ಬಿಲ ಉಂಡೈತೇನು?"

ಎರಡಕ್ಕೂ ಹೂಂ ಎಂದ ಮೇಲೆಯೇ ತಾನು ತಟ್ಟೆಯ ಮುಂದೆ ಕೂರುತ್ತಿದ್ದಳು. ಡೆಂಗಿ ಜ್ವರದಲ್ಲಿ ಆಸ್ಪತ್ರೆಯಿಂದ ಮಾಡಿದ ಕೊನೆಯ ಫೋನಿನಲ್ಲಿ ಮಾತ್ರ ಜ್ಯೋತಿ, ಇವತ್ತು ಅದೂ ಉಂಡಿಲ್ಲವ್ವ ಎಂದಿದ್ದಳು.

ಬಿಸಿಲು ನೆತ್ತಿಗೆ ಬಂತು. ಅವ್ವ ಎದ್ದಳು. ತೂರಾಡುತ್ತ ಹೋಗಿ ಮಣ್ಣಿನ ಮೇಲೆ ಕೈಯಿಟ್ಟಳು.

"ಜ್ಯೋತಿ, ನಿನ್ನ ಬಿಲ ಉಪಾಸ ಐತಂತ ಚಿಂತಿ ಮಾಡಬ್ಯಾಡವ್ವ. ಅದಕ್ಕ ನಾ ಮೇವು ಹಾಕ್ತೀನಿ."

ಯಾರಿಗೂ ಏನೂ ಅರ್ಥವಾಗಲಿಲ್ಲ. ನನಗೆ ಮಾತ್ರ ಆ ಕೊನೆಯ ಫೋನಿನ ಮಾತು ನೆನಪಾಯಿತು. ಕಾಗೆ ಇನ್ನೂ ಸುತ್ತುತ್ತಲೇ ಇತ್ತು. ಎಲ್ಲಿಂದಲೋ ಇನ್ನೊಂದು ಕಾಗೆ ಬಂದು ಅದಕ್ಕೆ ಬಡಿಯಿತು. ಸುತ್ತು ತಪ್ಪಿ ಕೆಳಗಿಳಿದದ್ದು ಎಲೆಯ ಪಕ್ಕದಲ್ಲೇ ಕೂತು ಬಜ್ಜಿಗೆ ಬಾಯಿ ಹಾಕಿತು. ನೋಡಣ್ಣ, ನಾ ಹೇಳಿದ್ದು ಇದನ್ನೇ ಎನ್ನಲು ಜ್ಯೋತಿ ಇರಲಿಲ್ಲ.

ಮುಟ್ಟಿತು, ಮುಟ್ಟಿತು ಎಂದು ಎಲ್ಲರೂ ಕೈಮುಗಿದರು. ನಾನು ಓಡಿಹೋಗಿ ಬುತ್ತಿ ಬಿಚ್ಚಿ, ರೊಟ್ಟಿ ಮುರಿದು ಅವ್ವನ ಬಾಯಿಯ ಹತ್ತಿರ ಹಿಡಿದೆ. ಆಕೆ ಕಾಗೆಯ ಕಡೆ ತಿರುಗಿಯೂ ನೋಡಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು.

"ಹರೀಶ, ಬಿಲ ಉಂಡೈತೇನು?"

ಜ್ಯೋತಿ ನೋಡುತ್ತಿದ್ದ ಬೆಳಕೇ ಕೋಟ್ಯಂತರ ವರ್ಷ ಹಳೆಯದು. ಆ ಕುಳಿ ಇವತ್ತು ಉಂಡಿತೋ ಇಲ್ಲವೋ ಭೂಮಿಯ ಮೇಲೆ ಯಾರಿಗೂ ಗೊತ್ತಾಗುವುದಿಲ್ಲ.

"ಉಂಡೈತವ್ವ."

ಅವ್ವ ಬಾಯಿ ತೆರೆಯಲಿಲ್ಲ. ಇನ್ನೊಂದು ಪ್ರಶ್ನೆ ಉಳಿದಿತ್ತು.

"ಮತ್ತ ಆಕಿ?"

ಎಲೆಯ ಕಡೆ ನೋಡಿದೆ. ಕಾಗೆ ಬಜ್ಜಿ ಕಚ್ಚಿಕೊಂಡು ಹಾರಿಹೋಗಿತ್ತು.

"ಆಕಿನೂ ಉಂಡ್ಳವ್ವ."

ಅವ್ವ ತುತ್ತು ತೆಗೆದುಕೊಂಡು ನಿಧಾನಕ್ಕೆ ಅಗಿದಳು. ನಾನು ಅಳುತ್ತಲೇ ಇನ್ನೊಂದು ತುತ್ತು ಮುರಿದೆ.