ಅರ್ಧ ರಾಶಿಯ ವಿಮೆ

ಸಂಕ್ರಾಂತಿ ಕಳೆದು ಕಂಪ್ಲಿಯ ಕಣಗಳಲ್ಲಿ ಭತ್ತ ಅಳೆಯುತ್ತಿದ್ದ ದಿನಗಳು. ತೋಟಪ್ಪನ ಅಕ್ಕಿ ಗಿರಣಿಯ ಹಿತ್ತಲಲ್ಲಿ ನಿಂಗಕ್ಕ ಮತ್ತಿಬ್ಬರು ಹೆಂಗಸರು ಹೊಟ್ಟು ತೂರುತ್ತಿದ್ದಾಗ ಬಾಯ್ಲರಿನ ಒಲೆಯಿಂದ ಹಾರಿದ ಕಿಡಿ ಉಗ್ರಾಣದ ಸೋಗೆಗೆ ತಗುಲಿತು. ಹೆಂಗಸರು ಮೊರ ಎಸೆದು ಕೊಡ ಹಿಡಿದು ಕಾಲುವೆಗೆ ಓಡಿದರು. ತುಂಬಿಕೊಂಡು ಬಂದರೆ ತೋಟಪ್ಪ ಬಾಗಿಲಿಗೆ ಅಡ್ಡ ನಿಂತಿದ್ದ.

“ನೀರು ಬ್ಯಾಡ. ತೊಯ್ದ ಭತ್ತ ಯಾರು ಕೊಳ್ತಾರ? ಸುಟ್ಟಿದ್ದಕ್ಕ ಕಂಪನಿ ರೊಕ್ಕ ಕೊಡ್ತೈತಿ. ವಿಮಾ ಮಾಡ್ಸೀನಿ.”

“ಒಳಗ ನನ್ನ ಬೀಜದ ಚೀಲ ಐತ್ರೀ ಸಾವ್ಕಾರ್ರ,” ಎಂದಳು ನಿಂಗಕ್ಕ.

“ಅದಕ್ಕೂ ಬರ್ತೈತಿ, ಸುಮ್ನಿರಬೇ.”

ಗುಡಿಸಲಲ್ಲಿ ಇಲಿಕಾಟವೆಂದು ಕೂಲಿಯ ಹೆಂಗಸರು ಬಿತ್ತನೆಯ ಬೀಜವನ್ನು ಗಿರಣಿಯಲ್ಲಿಡುವುದು ತೋಟಪ್ಪನ ಅಪ್ಪನ ಕಾಲದಿಂದ ನಡೆದುಬಂದಿತ್ತು. ಗುರುತಿಗೆ ಒಂದು ಸೀರೆಚೂರು ಕಟ್ಟಿದರಾಯಿತು. ಈ ಸಲ ಬೀಜ ಹಾಕದಿದ್ದರೆ ನಿಂಗಕ್ಕನ ಗುತ್ತಿಗೆ ಗದ್ದೆ ಬೇರೆಯವರ ಪಾಲು. ಬೆಂಕಿ ನಡುಗೋಡೆಗೆ ಬಂದು ತಾನಾಗಿ ನಿಲ್ಲುವವರೆಗೆ ಅವಳು ತುಂಬಿದ ಕೊಡವನ್ನು ಕಂಕುಳಲ್ಲೇ ಇಟ್ಟುಕೊಂಡು ನಿಂತಿದ್ದಳು.

ವಾರದ ಮೇಲೆ ಮದ್ರಾಸಿನ ವಿಮಾ ಕಂಪನಿಯ ಅಧಿಕಾರಿ ಹೊಸಪೇಟೆಯಲ್ಲಿ ರೈಲಿಳಿದು ಬಂದ.

“ಎಷ್ಟು ಭತ್ತವಿತ್ತು?”

“ನಾನೂರು ಚೀಲ. ಸುಟ್ಟಿದ್ದು ಇನ್ನೂರು.”

“ವಿಮೆ ಮಾಡಿಸಿದ್ದೂ ಇನ್ನೂರಕ್ಕೇ.”

“ರಾಶಿ ಪೂರಾ ಹೇಳಬಾರ್ದ್ರಿ, ದೃಷ್ಟಿ ತಾಕ್ತೈತಿ. ಲೆಕ್ಕ ಸರಿ ಆತಲ್ಲ, ಇನ್ನೂರಕ್ಕ ಕೊಟ್ಬಿಡ್ರಿ.”

ದೃಷ್ಟಿಗೆ ಹೆದರುವ ತೋಟಪ್ಪ ವಿಮೆಯ ಕಂತಿನಲ್ಲಿ ಉಳಿಸಿದ ರೊಕ್ಕವನ್ನು ಮಾತ್ರ ಹೆದರದೆ ಎಣಿಸಿಕೊಂಡಿದ್ದ.

“ಅರ್ಧ ಮಾಲಿಗೆ ಕಂತು ಕಟ್ಟಿದ್ದೀರಿ. ಉಳಿದರ್ಧಕ್ಕೆ ನೀವೇ ಹೊಣೆ. ನಷ್ಟ ಎಷ್ಟೇ ಆಗಲಿ, ಅರ್ಧ ನಮ್ಮದು, ಅರ್ಧ ನಿಮ್ಮದು. ಆರಿಸಬಹುದಾದ ಬೆಂಕಿಯನ್ನು ಸುಮ್ಮನೆ ಬಿಟ್ಟಿದ್ದರೆ ಅದೂ ಇಲ್ಲ.” ಅಧಿಕಾರಿ ಬೂದಿಯ ಗುಡ್ಡೆಯತ್ತ ನಡೆದ.

ತೋಟಪ್ಪ ನಿಂಗಕ್ಕನ ಬಳಿ ಬಗ್ಗಿದ. “ನೀರು ಹಾಕಿದ್ವಿ ಅನ್ನು. ನಿನ್ನ ಬೀಜ ನಾ ಕೊಡ್ತೀನಿ.”

ಅಧಿಕಾರಿ ತಿರುಗಿ ಬಂದು ಕೇಳಿದಾಗ ಅವಳು ನೆಲ ನೋಡುತ್ತ ಹೇಳಿದಳು. “ಹಾಕಿದ್ವಿರೀ. ಭಾಳ ಹಾಕಿದ್ವಿ.”

ಮುಂಗಾರಿನ ಮೊದಲ ಮೋಡ ಕಾಣುವ ಹೊತ್ತಿಗೆ ಕಂಪನಿಯ ಅರ್ಧ ಬಂತು. ನಿಂಗಕ್ಕ ತೋಟಪ್ಪ ಲೆಕ್ಕಕ್ಕೆ ಕೂರುವ ಗಾದಿಯ ಮುಂದೆ ಹೋಗಿ ನಿಂತಳು.

“ವಿಮಾ ಇದ್ದದ್ದು ನನ್ನ ಮಾಲಿಗೆ,” ಎಂದ ತೋಟಪ್ಪ, ಎಲೆಗೆ ಸುಣ್ಣ ಸವರುತ್ತ. “ನಿನ್ನ ಚೀಲಕ್ಕ ಯಾವಾಕಿ ಕಂತು ಕಟ್ಟಿದ್ಲು? ಬೂದ್ಯಾಗ ಬಿದ್ದಿರತೈತಿ, ಹುಡುಕ್ಕೋ ಹೋಗು.”

ಅವಳು ಹೋದಳು. ಬೂದಿ ಕೆದರಿದಳು. ಸುಟ್ಟ ಸೀರೆಚೂರಿನ ಗಂಟು ಸಿಕ್ಕಿತು. ಅದರ ಬುಡದಲ್ಲಿ ಬೆಂಕಿಯ ಕಾವಿಗೆ ಅರಳಾಗಿ ಸಿಡಿದ ಭತ್ತವಿತ್ತು. ಸೆರಗಿಗೆ ತುಂಬಿಕೊಂಡು ಗಾದಿಯ ಬಳಿಗೆ ಮರಳಿದಳು.

ತೋಟಪ್ಪನ ಕಾಲ ಬಳಿಯಿಂದ ಶುರುಮಾಡಿ, ಹೊಸ್ತಿಲು ದಾಟಿ, ಬೀದಿಗುಂಟ ಹಿಡಿಹಿಡಿ ಅರಳು ಚೆಲ್ಲುತ್ತ ನಡೆದಳು. ಅವಳು ತಿರುಗಿ ನೋಡಲಿಲ್ಲ. ಎದುರಿಗೆ ಬರುತ್ತಿದ್ದ ಗಾಡಿಯವನು ಹಿಂದೆ ಹೆಣ ಬರುತ್ತಿದೆಯೆಂದು ಎತ್ತುಗಳನ್ನು ಪಕ್ಕಕ್ಕೆ ಎಳೆದು ನಿಲ್ಲಿಸಿ, ತಲೆಯ ರುಮಾಲು ತೆಗೆದ.