ಆರಿಸಿ ಕೊಟ್ಟ ರಕ್ತ

ನನ್ನ ಗಂಡ ಮಲಕಾಜಪ್ಪ ಸೊಲ್ಲಾಪುರದಲ್ಲಿ ಜೋಳದ ದೊಡ್ಡ ವ್ಯಾಪಾರಿ. ಊರನ್ನೆಲ್ಲ ನಂಬಿಸುವ ಮಾತುಗಾರರು, ನನ್ನ ಮುಂದೆ ಮಾತ್ರ ಅವರ ಆಟ ನಡೆಯುವುದಿಲ್ಲ ಎಂದು ನನಗೆ ಜಂಬ. ಆ ಜಂಬ ಇಳಿದದ್ದು ಎಪ್ಪತ್ತನಾಲ್ಕರ ಮಳೆಗಾಲದಲ್ಲಿ.

ಅವರಿಗೆ ದಮ್ಮು. ಅಂಗಡಿಯಲ್ಲಿ ಚೀಲ ಬಿಚ್ಚಿ ಸುರಿದಾಗ ಏಳುವ ದೂಳು ಅವರಿಗೆ ಆಗುತ್ತಿರಲಿಲ್ಲ. ವಿಜಾಪುರ ರಸ್ತೆಯ ಡಾಕ್ಟರ್ ಅಣ್ಣಾರಾಯರು ಎದೆ ಪರೀಕ್ಷಿಸುವುದಲ್ಲದೆ ತಿಂಗಳಿಗೊಮ್ಮೆ ರಕ್ತವನ್ನೂ ತೆಗೆಸುತ್ತಿದ್ದರು. ತಡೆಯಲಾರದೆ ಒಮ್ಮೆ ಕೇಳಿಯೇಬಿಟ್ಟೆ.

“ದಮ್ಮು ಎದ್ಯಾಗ ಐತಿ, ರಕ್ತ ಯಾಕ ತಗೀತೀರಿ?”

“ಉಸಿರಿನ ನಳಿಗಿ ಒಳಗ ಬಾತಿರತಾವ್ರಿ ಅಕ್ಕಾರ. ಹೊರಗ ಏನೂ ಕೇಳಿಸದಿದ್ರೂ ಬಾವು ಇರಬಹುದು. ಅದು ಹೆಚ್ಚಾದ್ರ ರಕ್ತದಾಗ ಇಸ್ನೋಫಿಲ್ ಅನ್ನೂ ಕಣ ಹೆಚ್ಚಾಗತಾವ. ಗುಳಗಿ ತಗೊಂಡು ದೂಳಿಂದ ದೂರ ಇದ್ರ ಅವು ಇಳೀತಾವ. ಇಳದ್ರ ಗುಳಗಿ ಕಡಿಮಿ ಮಾಡ್ತೀನಿ. ಇಳೀಲಿಲ್ಲ ಅಂದ್ರ ಸಾವಕಾರ್ರು ಅಂಗಡಿ ಬಿಡಬೇಕಾಗತದ.”

ಅಂಗಡಿ ಬಿಡುವ ಮಾತು ಕೇಳಿ ನಮ್ಮವರ ಮುಖ ಕಪ್ಪಿಟ್ಟಿತು. ಅವರಪ್ಪ ಕೂತ ಗಾದಿ ಅದು.

ಅಂದಿನಿಂದ ಅವರಿಗೆ ಭಕ್ತಿ ಹೆಚ್ಚಾಯಿತು. ರಕ್ತ ಕೊಡುವ ಮೊದಲು ನಾಲ್ಕು ದಿನ ದರ್ಶನಕ್ಕೆಂದು ಅಕ್ಕಲಕೋಟೆಗೆ, ತಮ್ಮ ಅಕ್ಕ ಕಲ್ಯಾಣಮ್ಮನ ಮನೆಗೆ ಹೋಗುತ್ತಿದ್ದರು. ಬಂದು ಕೊಟ್ಟ ರಕ್ತ ಪ್ರತಿ ಸಲವೂ ಚೊಕ್ಕ. ಡಾಕ್ಟರು ಖುಷಿಯಾಗಿ ಗುಳಿಗೆ ಇಳಿಸುತ್ತ ಹೋದರು. ಮನೆಯಲ್ಲಿ ನೋಡಿದರೆ ಇವರು ಮೆಟ್ಟಿಲ ನಡುವೆ ನಿಂತು, ಬೀದಿ ನೋಡುವವರಂತೆ ನಟಿಸಿ ಉಸಿರು ಎಳೆಯುತ್ತಿದ್ದರು. ನನಗೆ ಇದು ಬಗೆಹರಿಯಲಿಲ್ಲ.

ಶ್ರಾವಣದಲ್ಲಿ ಒಂದು ಲಾರಿ ಮಾಲು ಇಳಿಸುವಾಗ ಅವರು ಚೀಲಗಳ ಮೇಲೆಯೇ ಕುಸಿದರು. ತುಟಿ ನೀಲಿಯಾಗಿತ್ತು. ದವಾಖಾನೆಯಲ್ಲಿ ಇಂಜೆಕ್ಷನ್, ಆಕ್ಸಿಜನ್ ಎಲ್ಲ ಆಗಿ ಜೀವ ಉಳಿಯಿತು. “ಮೊನ್ನಿನ ರಕ್ತ ಇಷ್ಟು ಛಲೋ ಇತ್ತಲ್ರಿ!” ಎಂದು ಅಣ್ಣಾರಾಯರು ತಲೆ ಕೆಡಿಸಿಕೊಂಡರು.

ನೋಡಲು ಬಂದ ಕಲ್ಯಾಣಮ್ಮನ ಮುಂದೆ ನಾನು ಹಲುಬಿದೆ. “ತಿಂಗಳಾ ತಿಂಗಳಾ ದರ್ಶನ ಮಾಡಿದ್ರೂ ದೇವರು ಹಿಂಗ ಮಾಡಿದ ನೋಡ್ರಿ ಅಕ್ಕಾರ.”

“ಯಾವ ದರ್ಶನ ರತ್ನಾ? ಗುಡಿ ಕಡೆ ಹಾಯ್ದಿಲ್ಲ ಅಂವ. ನಾಕ ದಿನ ನಮ್ಮ ಪಡಸಾಲ್ಯಾಗ ಆರಾಮ ಮಲಗಿ, ಒಂದರ ಬದ್ಲಿ ಎರಡು ಗುಳಗಿ ನುಂಗತಿದ್ದ. ಡಾಕ್ಟರೇ ಹೇಳ್ಯಾರಂತ.”

ಎಲ್ಲ ಒಮ್ಮೆಗೇ ಹೊಳೆಯಿತು. ಹುಳುಕು ಜೋಳದ ನಮೂನೆ ಯಾವ ವ್ಯಾಪಾರಿ ತೋರಿಸುತ್ತಾನೆ? ಕೇರಿ, ಆರಿಸಿ, ಊದಿ ಗಿರಾಕಿಯ ಅಂಗೈಗೆ ಹಾಕುತ್ತಾರೆ. ಗಿರಾಕಿಗೂ ಅದು ಗೊತ್ತು, ಚೀಲದ ತಳಕ್ಕೆ ಕೈ ಹಾಕಿ ನೋಡುತ್ತಾನೆ. ಡಾಕ್ಟರು ಪಾಪ, ಕೊಟ್ಟದ್ದನ್ನು ನಂಬಿದರು. ಮೈಯೆಲ್ಲ ಉರಿದು ಗಂಡನ ಮಂಚದ ಬಳಿ ಹೋದೆ.

“ಡಾಕ್ಟರಿಗೂ ಜ್ವಾಳಾ ಮಾರಿದ್ರೇನ್ರಿ?”

ಅವರು ಗೋಡೆಯ ಕಡೆ ಹೊರಳಿದರು. “ಗಾದಿ ಮ್ಯಾಲಿಂದ ಎದ್ರ ನನ್ನ ಯಾರು ಕೇಳ್ತಾರ ರತ್ನಾ?”

ನಾನು ಕೇಳುತ್ತೇನೆ ಅನ್ನಬೇಕಿತ್ತು. ಸಿಟ್ಟಿನಲ್ಲಿ ನೆಟ್ಟಗೆ ಡಾಕ್ಟರ ಕೋಣೆಗೆ ನಡೆದೆ.

ಡಾಕ್ಟರಿಗೆ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. ಗುಳಿಗೆಯ ಲೆಕ್ಕ ಮತ್ತೆ ಹಾಕಿಕೊಟ್ಟು, “ಈ ಸಲ ಗುಳಗಿ ನೀವೇ ಕೊಡ್ರಿ. ರಕ್ತಕ್ಕ ಅಂಗಡಿಂದ ನೆಟ್ಟಗ ಕರಕೊಂಡು ಬರ್ರಿ” ಎಂದರು. ಹಾಗೇ ಮಾಡಿದೆ. ಮುಂದಿನ ತಿಂಗಳು ಅಕ್ಕಲಕೋಟೆ ಬಂದ್. ಹುಬ್ಬಿನ ಮೇಲಿನ ದೂಳನ್ನೂ ಒರೆಸಗೊಡದೆ ಟಾಂಗಾ ಹತ್ತಿಸಿದೆ. ರಕ್ತ ಕೊಟ್ಟು ಅಲ್ಲೇ ಕಾದು ಕೂತೆವು.

“ಗುಳಗಿ ತಗೊಂಡೂ ಆ ಕಣ ನೂರಕ್ಕ ಹದಿನೆಂಟು ಬಂದಾವ ಸಾವಕಾರ, ಐದರೊಳಗ ಇರಬೇಕು. ಅಂಗಡಿ ಇನ್ನ ಸಾಕು” ಎಂದರು ಅಣ್ಣಾರಾಯರು.

“ಹದಿನೆಂಟು ಭಾಳ ಆತ್ರಿ ಡಾಕ್ಟರ. ಹತ್ತು ಹಿಡೀರಿ.”

ಚೌಕಾಸಿ ಅವರ ಬಾಯಿಂದ ತಾನಾಗಿ ಬಂದಿತ್ತು. ಯಾರೂ ನಗಲಿಲ್ಲ. ಆಮೇಲೆ ಅವರೇ ಅಂಗಡಿಯ ಬೀಗದಕೈ ತೆಗೆದು ನನ್ನ ಕೈಯಲ್ಲಿಟ್ಟರು. “ಶಾಂತಲಿಂಗಗ ಕೊಡು” ಎಂದರು. ಶಾಂತಲಿಂಗಪ್ಪ ಅವರ ತಮ್ಮ.

ಹೊರಗೆ ಬಂದು ಟಾಂಗಾ ಹತ್ತಿದೆವು. “ಪ್ಯಾಟಿ ಹಾದಿ ಬ್ಯಾಡಪಾ, ಸುತ್ತ ಹಾಕಿ ಹೋಗು” ಎಂದು ಟಾಂಗಾದವನಿಗೆ ಹೇಳಿದರು. ದಿನಾ ಎದೆಯುಬ್ಬಿಸಿಕೊಂಡು ಹೋಗುತ್ತಿದ್ದ ಪೇಟೆ ಅದು. ಗೆದ್ದವಳು ನಾನೇ. ಆದರೂ ನಡುಬೀದಿಯಲ್ಲಿ, ನೋಡುವವರು ನೋಡಲಿ ಎಂದು ಅವರ ಕೈ ಹಿಡಿದುಕೊಂಡು ಮನೆ ಬರುವವರೆಗೂ ಅತ್ತೆ.