ಮೂರು ಸಾಲಿನ ನಂಬರ್ ಪ್ಲೇಟು

ಗೋಪಣ್ಣ ಕಾರು ಕೊಂಡದ್ದು ಅರ್ಧ ದಿನದಲ್ಲಿ. ಅದಕ್ಕೆ ನಂಬರ್ ಪ್ಲೇಟು ಆರಿಸಲು ಎಂಟು ದಿನ ಹಿಡಿಯಿತು. ರಾಯದುರ್ಗದ ಬಸ್ ಸ್ಟ್ಯಾಂಡಿನ ಹಿಂದೆ ಸ್ಟಿಕ್ಕರು, ಪ್ಲೇಟು, ಮದುವೆಯ ಬ್ಯಾನರು ಎಲ್ಲವನ್ನೂ ಮಾಡಿಕೊಡುವ ಪ್ರಸಾದನ ಅಂಗಡಿಯಿದೆ. ಆ ಎಂಟೂ ದಿನ ಗೋಪಣ್ಣ ಅಲ್ಲಿನ ಕಬ್ಬಿಣದ ಕುರ್ಚಿಯಲ್ಲೇ ಬೀಡುಬಿಟ್ಟಿದ್ದ. ತಮ್ಮ ಮದುವೆಗೂ ಈ ಗಂಡಸು ಇಷ್ಟು ಯೋಚನೆ ಮಾಡಿರಲಿಲ್ಲ ಎಂದು ಹೆಂಡತಿ ಮೈಲಾರಮ್ಮ ಸಿಕ್ಕವರಿಗೆಲ್ಲ ಹೇಳಿದಳು.

ಯೋಚನೆಗೆ ಕಾರಣವಿತ್ತು. ಮಗಳು ರಾಧಾಳಿಗೆ ಡಿ. ಹಿರೇಹಾಳ್ ಕಡೆಯ ದೊಡ್ಡಬಸಪ್ಪನವರ ಮನೆಯಿಂದ ಸಂಬಂಧ ಬಂದಿತ್ತು. ಹುಡುಗ ರಾಧಾಳಿಗೆ ಒಪ್ಪಿಗೆಯಾಗಿದ್ದ. ಶನಿವಾರ ಗೋಪಣ್ಣ ಹೋಗಿ ಮನೆ ನೋಡಿ ಮಾತು ಮುಗಿಸಿಕೊಂಡು ಬರಬೇಕು. ದೊಡ್ಡಬಸಪ್ಪನವರು ಇವನ ಮುಖವನ್ನು ಇನ್ನೂ ಕಂಡಿರಲಿಲ್ಲ, ಹೆಸರನ್ನಷ್ಟೇ ಕೇಳಿದ್ದರು. ಗೋಪಣ್ಣನ ಸಂಕಟವೆಲ್ಲ ಆ ಹೆಸರಿನದೇ.

ಮೂವತ್ತು ವರ್ಷದಿಂದ ಊರಲ್ಲೂ ಸಂತೆಯಲ್ಲೂ ಅವನು ಕುರಿ ಗೋಪಣ್ಣ. ಮುನ್ನೂರು ಕುರಿಗಳಲ್ಲಿ ಒಂದರ ಉಸಿರು ಸರಿಯಿಲ್ಲವೆಂದರೂ ದೊಡ್ಡಿಯ ಆಚೆ ನಿಂತೇ ಹೇಳಬಲ್ಲವನೆಂದು ಜನ ಮೆಚ್ಚಿ ಇಟ್ಟ ಹೆಸರು. ಅವನಿಗೆ ಮಾತ್ರ ಅದು ಮೈಗಂಟಿದ ಕುರಿವಾಸನೆಯಂತೆ ಅನಿಸುತ್ತಿತ್ತು. ಬೀಗರ ಅಂಗಳದಲ್ಲಿ ಯಾರಾದರೂ ಹಾಗೆ ಕರೆದುಬಿಟ್ಟರೆ ಮಗಳ ತಲೆ ತಗ್ಗುತ್ತದೆ ಎಂಬ ಹೆದರಿಕೆ ಅವನಿಗೆ ನಿಜವಾಗಿಯೂ ಇತ್ತು. ಅದಕ್ಕೇ ಒಬ್ಬ ಮೇಷ್ಟ್ರಿಂದ ಹಳೆಯ ಬಿಳಿ ಕಾರನ್ನು ಕೊಂಡಿದ್ದ.

ಪ್ರಸಾದ ಮಡಕಶಿರಾ ಕಡೆಯವನು, ಸಮಾಧಾನದ ಮನುಷ್ಯ. ಕಂಪನಿ ಪ್ಲೇಟನ್ನು ತೆಗೆಯುವಂತಿಲ್ಲವೆಂದು ಮೊದಲ ದಿನವೇ ತಿಳಿಸಿ ಹೇಳಿದ. ಗೋಪಣ್ಣ ಅರ್ಧ ಒಪ್ಪಿದ. ಹಿಂದಿನದನ್ನು ಹಾಗೇ ಬಿಡೋಣ, ಹಿಂದೆ ಉಳಿದವರಿಗೆ ನಾವು ಯಾರೆಂದು ಗೊತ್ತಾಗಿ ಆಗಬೇಕಾದ್ದೇನು ಎಂದ. ಮಂದೆಯಲ್ಲಿ ಗಂಟೆ ಕಟ್ಟುವುದು ಮುಂದಿನ ಟಗರಿಗೆ; ಆದ್ದರಿಂದ ಕಾರಿಗೂ ಹೆಸರು ಮುಂದೆಯೇ ದೊಡ್ಡದಾಗಿ ಇರಬೇಕು.

ಎಷ್ಟು ದೊಡ್ಡದು ಎಂಬಲ್ಲಿ ಗಡಿನಾಡಿನ ಕಷ್ಟ ಶುರುವಾಯಿತು. ರಾಯದುರ್ಗದವರು ಓದಲು ತೆಲುಗಿನಲ್ಲಿ ‘ಗೋಪಣ್ಣ ಗಾರು’ ಎಂದಿರಬೇಕು. ಹಿರೇಹಾಳ್ ದಾಟಿದರೆ ಬಳ್ಳಾರಿ, ಆ ಕಡೆಯವರಿಗೆ ಕನ್ನಡದಲ್ಲಿ ‘ಗೋಪಣ್ಣನವರು’ ಎಂದಿರಬೇಕು. ಪೊಲೀಸರಿಗೆ ಇಂಗ್ಲಿಷಿನಲ್ಲಿ ನಂಬರು. ಯಾವುದನ್ನು ಸಣ್ಣದು ಮಾಡಿದರೂ ಒಂದು ರಾಜ್ಯಕ್ಕೆ ಅನ್ಯಾಯ. ಎಡಗಡೆ ನೇಮಕಲ್ಲಿನ ಆಂಜನೇಯನಿಗೆ ಜಾಗ ಬಿಡದಿದ್ದರೆ ದೇವರಿಗೇ ಅನ್ಯಾಯ. ಹೀಗೆ ಎಲ್ಲರಿಗೂ ನ್ಯಾಯ ಸಲ್ಲಿಸುತ್ತ ಹೋದಾಗ ಪ್ಲೇಟು ಮೂರಡಿ ಉದ್ದ, ಒಂದೂವರೆ ಅಡಿ ಎತ್ತರ ಬೆಳೆಯಿತು. ಅನ್ಯಾಯ ಆದದ್ದು ನಂಬರಿಗೆ ಮಾತ್ರ. ಅದು ಕೆಳಗಿನ ಮೂಲೆಯಲ್ಲಿ ಸಾಸಿವೆಯಷ್ಟಾಗಿ ಕೂತಿತು.

“ಅಣ್ಣ, ಇದು ನಂಬರ್ ಪ್ಲೇಟಲ್ಲ, ಅಂಗ್ಡಿ ಬೋರ್ಡು,” ಎಂದ ಪ್ರಸಾದ. ಆದರೂ ಬೋಲ್ಟು ಬಿಗಿದು ಕೊಟ್ಟ, ಗಿರಾಕಿಯ ಮನಸ್ಸು ಮುರಿಯುವುದು ಅವನ ವೃತ್ತಿಯಲ್ಲಿ ಇರಲಿಲ್ಲ. ಪ್ಲೇಟು ಕಾರಿನ ಮುಂಭಾಗದ ಜಾಲರಿಯನ್ನೆಲ್ಲ ಅಂಚಿನಿಂದ ಅಂಚಿಗೆ ಮುಚ್ಚಿತು. ಗೋಪಣ್ಣ ಹತ್ತು ಹೆಜ್ಜೆ ಹಿಂದೆ ಸರಿದು ನೋಡಿದ, ಆಮೇಲೆ ಇಪ್ಪತ್ತು ಹೆಜ್ಜೆ. ಅಷ್ಟು ದೂರಕ್ಕೂ ಕುರಿಯ ಸುಳಿವಿರಲಿಲ್ಲ. ಅವನಿಗೆ ಕಣ್ಣು ತುಂಬಿ ಬಂತು.

ಶನಿವಾರ ಗೋಪಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಿಳಿ ಪಂಚೆ ಉಟ್ಟ; ಗಂಡಹೆಂಡಿರು ಹೊರಟರು. ದಾರಿಯಲ್ಲಿ ಎದುರು ಬಂದವರೆಲ್ಲ ಪ್ಲೇಟು ಓದಿದರು. ಇಬ್ಬರು ಕೈ ಎತ್ತಿ ನಮಸ್ಕಾರವನ್ನೂ ಮಾಡಿದರು, ಯಾವುದೋ ಪಾರ್ಟಿಯವರಿರಬೇಕು ಅಂದುಕೊಂಡು. ಗೋಪಣ್ಣ ಗಂಭೀರವಾಗಿ ತಲೆಯಾಡಿಸಿದ. ಅರ್ಧ ದಾರಿಯಲ್ಲಿ ಕಾರೊಳಗೆ ಸುಟ್ಟ ವಾಸನೆ ಬರುತ್ತಿದೆ ಎಂದು ಮೈಲಾರಮ್ಮ ಹೇಳಿದಳು. ಹೊಲದಲ್ಲಿ ಯಾರೋ ಕಸಕ್ಕೆ ಬೆಂಕಿ ಇಟ್ಟಿದ್ದಾರೆ ಎಂದ ಗೋಪಣ್ಣ. ಇನ್ನೆರಡು ಊರು ದಾಟಿದರೂ ಆ ಹೊಲ ಮುಗಿಯಲಿಲ್ಲ.

ಬೀಗರ ಊರಿನ ಬಾಗಿಲಲ್ಲೇ, ಒಂದು ಕುರಿದೊಡ್ಡಿಯ ಮುಂದೆ, ಕಾರು ಬುಸ್ ಎಂದು ಹಬೆ ಬಿಟ್ಟು ನಿಂತಿತು. ದೊಡ್ಡಿಯಿಂದ ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಹಿರಿಯರೊಬ್ಬರು ಬಂದರು. ಗೋಪಣ್ಣ ಗುರುತು ಹೇಳಿಕೊಳ್ಳುವ ಅಗತ್ಯವಿರಲಿಲ್ಲ. ಕನ್ನಡದ ಸಾಲನ್ನು ಅವರು ನಿಧಾನವಾಗಿ ಓದಿಕೊಂಡರು. ತಾನೇ ದೊಡ್ಡಬಸಪ್ಪ ಎಂದರು. ಕುರಿಗಳು ಕುಡಿಯುವ ತೊಟ್ಟಿಯಿಂದ ಬಕೆಟ್ಟಿನಲ್ಲಿ ನೀರು ತಂದಿಟ್ಟು, ಬಿಸಿಯೇರಿದ ಪ್ಲೇಟನ್ನು ಬೆರಳಿನಿಂದ ಮುಟ್ಟಿ ಕೈ ಹಿಂದಕ್ಕೆ ಎಳೆದುಕೊಂಡರು. ಅದರ ಹಿಂದೆ ಬಗ್ಗಿ ನೋಡಿದರು.

“ಕಣದ ಎತ್ತಿಗೆ ಕುಕ್ಕೆ ಕಟ್ಟಿದಂಗ ಇದರ ಮೂಗು ಬಾಯಿ ಯಾಕ ಕಟ್ಟೀರಿ?” ಎಂದು ಕೇಳಿದರು. “ಗಾಳಿ ಆಡಲಿಲ್ಲ ಅಂದ್ರ ಅದು ಹೆಂಗ ಉಸಿರಾಡಬೇಕ್ರಿ?”

ಮೈಲಾರಮ್ಮ ಹಣ್ಣಿನ ತಟ್ಟೆ ಹಿಡಿದು ಬೇರೆ ಕಡೆ ನೋಡುತ್ತ ನಿಂತಳು. ದೊಡ್ಡಬಸಪ್ಪನವರು ಗೋಪಣ್ಣನ ಬಿಳಿ ಬಟ್ಟೆಯನ್ನು, ನುಣುಪಾದ ಚಪ್ಪಲಿಯನ್ನು, ಮತ್ತೆ ಪ್ಲೇಟನ್ನು ನೋಡಿದರು. ಅವರ ಮುಖ ಸಪ್ಪಗಾಯಿತು.

“ತಪ್ಪು ತಿಳೀಬ್ಯಾಡ್ರಿ,” ಎಂದರು. “ಕುರಿ ಗೋಪಣ್ಣನ ಮಗಳು ಅಂತ ಹೇಳಿದ್ರು, ಅದಕ್ಕ ಈ ಸಂಬಂಧಕ್ಕ ಮನಸು ಮಾಡಿದ್ದೆ. ಉಸಿರು ಕಟ್ಟಿದ ಕುರೀನ ದೂರದಿಂದನ ಗುರ್ತು ಹಿಡೀತಾರ ಅವರು ಅಂತಿದ್ರು. ನಾಕು ದಿನದಿಂದ ನನ್ನ ಕುರಿ ಕೆಮ್ಮತಾವ, ಅವರು ಬರ್ಲಿ ಅಂತ ಕಾಯ್ತಿದ್ದೆ. ನೀವು ಬ್ಯಾರೆ ಗೋಪಣ್ಣ ಇರಬೇಕು.”

ಇಂಥ ಮಾತನ್ನು ಗೋಪಣ್ಣ ಕನಸಿನಲ್ಲೂ ಎಣಿಸಿರಲಿಲ್ಲ. ಯಾವ ಹೆಸರು ಬಾಯಿಗೆ ಬಂದರೆ ಸಂಬಂಧ ಮುರಿಯುತ್ತದೆಂದು ಎಂಟು ದಿನ ಹೆಣಗಿದನೋ, ಅದು ಇಲ್ಲವೆಂದು ಸಂಬಂಧ ಕೈ ಜಾರುತ್ತಿತ್ತು. ರಾಧಾಳ ಮುಖ ಕಣ್ಣ ಮುಂದೆ ಬಂತು. ಅಷ್ಟರಲ್ಲಿ ದೊಡ್ಡಿಯೊಳಗೆ ಒಂದು ಕುರಿ ಕೆಮ್ಮಿತು. ಅವನ ಕಿವಿ ತಾನಾಗಿ ಆ ಕಡೆ ತಿರುಗಿತು.

“ನಾನ ಕುರಿ ಗೋಪಣ್ಣ್ರಿ,” ಎಂದ. ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿಕೊಂಡು, ಚಪ್ಪಲಿ ಬಿಟ್ಟು, ಹಿಕ್ಕೆಯ ನಡುವೆ ನಡೆದು ಹೋದ. ಒಂದೊಂದೇ ಮೂತಿ ಎತ್ತಿ ಹಿಡಿದು ಮೂಗಿನ ಹೊಳ್ಳೆ ನೋಡಿದ, ಪಕ್ಕೆಗೆ ಕಿವಿಯಿಟ್ಟ. ಅರ್ಧ ಗಂಟೆಯಲ್ಲಿ ಬಿಳಿ ಅಂಗಿ ಯಾವ ಬಣ್ಣದ್ದೆಂದು ಹೇಳಲಾಗದಂತಾಯಿತು. ಕಾಯಿಲೆ ಹತ್ತಿರುವುದು ಐದಕ್ಕೆ ಮಾತ್ರ, ಅವನ್ನು ಈಗಲೇ ಮೂಲೆಗೆ ಬೇರೆ ಹಾಕಿ ಪಶುವೈದ್ಯರಿಗೆ ತೋರಿಸಬೇಕು ಎಂದ. ದೊಡ್ಡಬಸಪ್ಪನವರು ಕಂಬಳಿಯನ್ನು ನೆಲಕ್ಕೆ ಹಾಸಿ ಬೀಗಿತ್ತಿಯನ್ನು ಕೂರಿಸಿ, ತಾಂಬೂಲ ತರುವಂತೆ ಮನೆಯ ಕಡೆಗೆ ಕೂಗಿ ಹೇಳಿದರು.

ಐದು ಕುರಿಗಳ ಮೂಲೆಯ ತಡಿಕೆಯಲ್ಲಿದ್ದ ಕಂಡಿ ಮುಚ್ಚಲು ಒಂದು ಹಲಗೆ ಬೇಕಾಯಿತು. ಗೋಪಣ್ಣ ಸ್ಪ್ಯಾನರು ತಂದು ಕಾರಿನ ಮುಂದೆ ಕೂತು ನಾಲ್ಕೂ ಬೋಲ್ಟು ಬಿಚ್ಚಿದ. ಪ್ಲೇಟು ಆ ಕಂಡಿಗೆ ಅಳತೆ ಮಾಡಿಸಿದಂತೆ ಹೊಂದಿತು. ಅಕ್ಷರಗಳಿದ್ದ ಬದಿಯನ್ನು ಅವನು ಕುರಿಗಳ ಕಡೆಗೆ ತಿರುಗಿಸಿ ನಿಲ್ಲಿಸಿದ.